ಮೇಷ್ಟ್ರಿಲ್ಲದೆ ಜಲವರ್ಣ: ಖಾಲಿ ಹಾಳೆಯಿಂದ ಚಿತ್ರಸಂತೆಯವರೆಗೆ

ಚಿತ್ರಕಲಾ ಶಾಲೆಯಲ್ಲಿ ಕಲಿಯದೆಯೇ ಕುಂಚ ಹಿಡಿದವರ ಪಟ್ಟಿ ಸಣ್ಣದೇನಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅರ್ಜಿ ಹಾಕಿದಾಗ ಮುಂಬೈಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದುಕೊಂಡೇ ಚಿತ್ರ ಬರೆದವರು. ರವೀಂದ್ರನಾಥ ಠಾಗೋರರು ತಮ್ಮ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳ ಮೇಲೆ ಗೀಚುತ್ತಾ ಗೀಚುತ್ತಾ ಚಿತ್ರಕ್ಕೆ ಬಂದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ಅವರಿಗೆ ಎಪ್ಪತ್ತು ಹತ್ತಿರ ಬಂದಿತ್ತು.

ಈ ಹೆಸರುಗಳನ್ನು ಹೇಳಿದ್ದು ಧೈರ್ಯ ತುಂಬೋಕಲ್ಲ. ಇವರೆಲ್ಲ ಪ್ರತಿಭಾವಂತರು, ನಾವು ಹಾಗಿರಲಿಕ್ಕಿಲ್ಲ. ಆದರೆ ತಾವೇ ಕಲಿಯುವವರಿಗೆಲ್ಲ ಒಂದು ಕೊರತೆ ಸಮಾನ. ಬೆನ್ನ ಹಿಂದೆ ನಿಂತು "ಆ ನೆರಳು ಸಾಲದು, ಇನ್ನೂ ಗಾಢ ಮಾಡು" ಅನ್ನುವ ಮೇಷ್ಟ್ರು ಇರುವುದಿಲ್ಲ. ವಿಡಿಯೊಗಳು ಎಷ್ಟು ಬೇಕಾದರೂ ಸಿಗುತ್ತವೆ. ಆದರೆ ವಿಡಿಯೊಗೆ ನಿಮ್ಮ ಹಾಳೆ ಕಾಣಿಸುವುದಿಲ್ಲ, ಅಲ್ವಾ? ಹಾಗಾಗಿ ಆ ಮೇಷ್ಟ್ರ ಕೆಲಸವನ್ನು ನೀವು ಚಿತ್ರ ಬರೆಯುವ ಕ್ರಮವೇ ಮಾಡಬೇಕು. ಒಂದೇ ವಿಷಯವನ್ನು ಮತ್ತೆ ಮತ್ತೆ ಬರೆಯುವುದು, ಹಾಳೆಯ ಹಿಂಬದಿಯಲ್ಲಿ ಟಿಪ್ಪಣಿ ಇಡುವುದು, ತೋರಿಸುವಾಗ ಸರಿಯಾದ ಪ್ರಶ್ನೆ ಕೇಳುವುದು. ಈ ಬರಹದ ಹೂರಣ ಇಷ್ಟೇ. ಉದಾಹರಣೆಗೆ ಜಲವರ್ಣವನ್ನೇ ತೆಗೆದುಕೊಂಡಿದ್ದೇನೆ. ಊಟದ ಮೇಜಿನ ಒಂದು ಮೂಲೆ ಸಾಕಾಗುವ ಮಾಧ್ಯಮ ಅದು.

ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಹೊಸಬರು ಮೊದಲು ಬಣ್ಣಕ್ಕೆ ದುಡ್ಡು ಸುರಿಯುತ್ತಾರೆ. ಮೊದಲು ಪೇಪರ್ ಕೊಳ್ಳಿ. ಡ್ರಾಯಿಂಗ್ ಪುಸ್ತಕದ ತೆಳ್ಳನೆಯ ಹಾಳೆಗೆ ನೀರು ಬಿದ್ದ ಕೂಡಲೇ ಅದು ಉಬ್ಬಿ ಹಪ್ಪಳವಾಗುತ್ತದೆ. ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. "ನನಗೆ ಜಲವರ್ಣ ಬರಲ್ಲ" ಎಂದು ಕೈಬಿಟ್ಟವರಲ್ಲಿ ಎಷ್ಟೋ ಜನರಿಗೆ ಕೈಕೊಟ್ಟಿದ್ದು ಹಾಳೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ) ತೂಕದ, ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್, ಅಂದರೆ ಮೈ ಕೊಂಚ ತರಿತರಿಯಾಗಿರುವ, ಹಾಳೆ ಕೇಳಿ. ದುಬಾರಿ ನಿಜ. ಅದಕ್ಕೊಂದು ಉಪಾಯವಿದೆ. ಪ್ಯಾಡ್ ಕೊಳ್ಳುವ ಬದಲು 22x30 ಇಂಚಿನ ಪೂರ್ತಿ ಶೀಟ್ ತಂದು ಎಂಟು ಭಾಗ ಮಾಡಿ. 7.5x11 ಇಂಚಿನ ಎಂಟು ತುಂಡು ಸಿಗುತ್ತವೆ. ಒಳ್ಳೆಯ ಹತ್ತಿ ಹಾಳೆಯಾದರೆ ಅಭ್ಯಾಸಕ್ಕೆ ಎರಡೂ ಬದಿ ಬಳಸಬಹುದು. ಅಲ್ಲಿಗೆ ಹದಿನಾರು ಚಿತ್ರ.

ಬಣ್ಣ ಆರು ಟ್ಯೂಬ್ ಸಾಕು: ಅಲ್ಟ್ರಾಮರೀನ್ ನೀಲಿ, ಪ್ರಷಿಯನ್ ನೀಲಿ, ಲೆಮನ್ ಹಳದಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಮತ್ತೊಂದು ತಣ್ಣನೆಯ ಕೆಂಪು, ಅಂದರೆ ನೀಲಿಯ ಕಡೆ ವಾಲುವ ಕೆಂಪು. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ನೋಡಿ. ನೀಲಿ ಜಾಸ್ತಿಯಾದರೆ ಮಳೆಮೋಡದ ಬೂದು, ಕಂದು ಜಾಸ್ತಿಯಾದರೆ ಹಳೇ ಮರದ ಬೂದು. ಟ್ಯೂಬಿನ ಕಪ್ಪಿಗೆ ಈ ಜೀವ ಇರುವುದಿಲ್ಲ.

ಟ್ಯೂಬಿನ ಮೇಲೆ ಬರೆದ ಬಣ್ಣದ ಹೆಸರಿಗಿಂತ ಅದರ ಸಂಕೇತ ನೋಡುವುದು ರೂಢಿಯಾಗಲಿ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಯಾವ ಕಂಪನಿಯದಾದರೂ ಅದೇ ವರ್ಣದ್ರವ್ಯ. ಪಿಆರ್ 83 ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಂಕಾಗುವ ಬಣ್ಣ. ಕಣ್ಣು ಕುಕ್ಕುವ ಗುಲಾಬಿ ಬಣ್ಣಗಳ ಗತಿಯೂ ಸಾಮಾನ್ಯವಾಗಿ ಅಷ್ಟೇ. ಮುಂದೆ ಚಿತ್ರ ಯಾರಿಗಾದರೂ ಕೊಡುವವರಿದ್ದರೆ ಇದು ಮುಖ್ಯ. ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಚೀಟಿಗೆ ಎಲ್ಲಾ ಬಣ್ಣಗಳ ಪಟ್ಟಿ ಎಳೆದು, ಅರ್ಧವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಸಂಕ್ರಾಂತಿಗೆ ಅಂಟಿಸಿದ್ದನ್ನು ಮಳೆಗಾಲ ಶುರುವಾಗುವಾಗ ಬಿಚ್ಚಿದರೆ ಯಾವುದು ಮಾಸಿದೆ ಎಂದು ಗೊತ್ತಾಗುತ್ತದೆ.

ಉಳಿದದ್ದಕ್ಕೆ ಖರ್ಚು ಬೇಡ. 12 ಮತ್ತು 6ನೇ ನಂಬರಿನ ಎರಡು ದುಂಡು ಬ್ರಷ್, ಒಂದು ಇಂಚಿನ ಚಪ್ಪಟೆ ಬ್ರಷ್. ಸಿಂಥೆಟಿಕ್ ಆದರೂ ನಡೆಯುತ್ತೆ. ಹಾಳೆ ಅಂಟಿಸಲು ಪರೀಕ್ಷೆಗೆ ಒಯ್ಯುವ ಪ್ಯಾಡು, ಬಣ್ಣ ಕಲಸಲು ಬಿಳಿ ಪಿಂಗಾಣಿ ತಟ್ಟೆ, ಎರಡು ಲೋಟ ನೀರು, ಹಳೆಯ ಬನಿಯನ್ ಬಟ್ಟೆ.

ಒಂದು ಹೆಂಚಿನ ಮನೆ

ಈಗ ವಿಷಯ. ದಿನಕ್ಕೊಂದು ಹೊಸ ಚಿತ್ರ ಬರೆಯುವ ಹುಮ್ಮಸ್ಸು ನನಗೆ ಅಷ್ಟು ಇಷ್ಟವಿಲ್ಲ. ಇವತ್ತು ಗುಲಾಬಿ, ನಾಳೆ ಜೋಗ, ನಾಡಿದ್ದು ಯಕ್ಷಗಾನದ ವೇಷ. ಹೀಗೆ ಹಾರಿದರೆ ಹೋದ ಸಲಕ್ಕಿಂತ ಈ ಸಲ ಏನು ಸುಧಾರಿಸಿತು ಎಂದು ಹೋಲಿಸಲು ಏನೂ ಉಳಿಯುವುದಿಲ್ಲ. ಒಂದು ವಿಷಯ ಹಿಡಿದು ಎಂಟೂ ತುಂಡನ್ನು ಅದಕ್ಕೇ ಕೊಡಿ. ಕಣ್ಣೆದುರು ಇರುವ, ನಡೆದು ಹೋಗಿ ನೋಡಬಹುದಾದ ವಿಷಯವಾಗಿರಲಿ. ನಾನಿಲ್ಲಿ ಮಲೆನಾಡಿನ ಒಂದು ಹೆಂಚಿನ ಮನೆ ಇಟ್ಟುಕೊಂಡು ಹೇಳುತ್ತೇನೆ. ನಿಮಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಹತ್ತಿರವಿದ್ದರೆ ಅದೇ ಆಗಲಿ.

ಮೊದಲು ಬ್ರಷ್ ಮುಟ್ಟಬೇಡಿ. ಸಣ್ಣ ಪುಸ್ತಕದಲ್ಲಿ, ಬೆಂಕಿಪೊಟ್ಟಣದ ಗಾತ್ರದ ಮೂರು ನಾಲ್ಕು ಚೌಕ ಎಳೆದುಕೊಳ್ಳಿ. 2ಬಿ ಪೆನ್ಸಿಲ್. ಕಣ್ಣು ಅರೆಮುಚ್ಚಿ ನೋಡಿದರೆ ಕಿಟಕಿ, ಹಂಚಿನ ಸಾಲು, ಬಳ್ಳಿ ಎಲ್ಲ ಮಾಯವಾಗಿ ಮೂರೇ ಸಂಗತಿ ಉಳಿಯುತ್ತವೆ: ಬೆಳ್ಳಗಿನ ಜಾಗ, ನಡುವಣ ಬೂದು, ಗಾಢ. ಆ ಮೂರನ್ನೇ ಚೌಕದಲ್ಲಿ ತುಂಬಿ. ಒಂದರಲ್ಲಿ ಮನೆಯ ಮಾಡು (ಛಾವಣಿ) ದೊಡ್ಡದು, ಇನ್ನೊಂದರಲ್ಲಿ ಅಂಗಳ ದೊಡ್ಡದು. ಐದು ನಿಮಿಷದ ಕೆಲಸ. ಈ ಪುಟಾಣಿ ಚೌಕದಲ್ಲಿ ಚೆನ್ನಾಗಿ ಕಾಣದ ಚಿತ್ರ ದೊಡ್ಡ ಹಾಳೆಯಲ್ಲೂ ಚೆನ್ನಾಗಿ ಬರುವುದಿಲ್ಲ. ಬಣ್ಣ ಹಾಕಿ ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಆಯ್ಕೆಯಾದ ಚೌಕವನ್ನು ಹಾಳೆಗೆ ಹಗುರವಾಗಿ ಎಚ್‌ಬಿ ಪೆನ್ಸಿಲ್‌ನಲ್ಲಿ ಎಳೆದುಕೊಳ್ಳಿ. ಗಟ್ಟಿ ರಬ್ಬರಿನಿಂದ ಉಜ್ಜಿದರೆ ಹಾಳೆಯ ಮೈ ಕೆದರಿ ಅಲ್ಲಿ ಬಣ್ಣ ಕೊಳಕಾಗಿ ಕೂರುತ್ತದೆ. ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಪ್ಯಾಡಿಗೆ ಬಿಗಿಯಿರಿ. ಪ್ಯಾಡಿನ ಮೇಲ್ತುದಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಓರೆ ಮಾಡಿ.

ಆಕಾಶ ಮೊದಲು. ಆಕಾಶದ ಭಾಗಕ್ಕಷ್ಟೇ ಚಪ್ಪಟೆ ಬ್ರಷ್‌ನಿಂದ ಬರೀ ನೀರು ಸವರಿ. ನೀರು ನಿಂತು ಕೊಳವಾಗಬಾರದು, ಮೈ ಹೊಳೆಯುವಷ್ಟು ಸಾಕು. ಅಲ್ಟ್ರಾಮರೀನ್‌ಗೆ ಚೂರು ಬರ್ನ್ಟ್ ಸಿಯೆನ್ನಾ ಸೇರಿಸಿ ಮೇಲಿಂದ ಬಿಡಿ. ಅದು ತಾನೇ ಇಳಿಯುತ್ತದೆ. ಇಲ್ಲಿ ಕೈ ಕಟ್ಟಿ ಕೂರುವುದೇ ವಿದ್ಯೆ. ಅರ್ಧ ಒಣಗಿದ ಬಣ್ಣಕ್ಕೆ ನೀರು ತುಂಬಿದ ಬ್ರಷ್ ತಾಗಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಹೊಳಪು ಹೋಗಿ ಹಾಳೆ ಮಂಕಾದ ಮೇಲೆ ಪೂರ್ತಿ ಒಣಗುವ ತನಕ ಮುಟ್ಟುವಂತಿಲ್ಲ. ಒಣಗಿದೆಯೇ ಎಂದು ನೋಡಲು ಬೆರಳಿನ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ.

ಎಷ್ಟು ಹೊತ್ತು ಕಾಯಬೇಕು ಎನ್ನುವುದು ಊರಿನ ಮೇಲೆ ಹೋಗುತ್ತದೆ. ಆಗುಂಬೆಯ ಕಡೆ ಜುಲೈನಲ್ಲಿ ಒಂದು ಪದರ ಒಣಗುವಷ್ಟರಲ್ಲಿ ಅಡುಗೆ ಮುಗಿದಿರುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ. ಬಯಲುಸೀಮೆಯವರು ಬೇಸಿಗೆಯಲ್ಲಿ ಟೇಪ್ ಹಾಕುವ ಮೊದಲು ಹಾಳೆಯ ಹಿಂಬದಿಗೂ ನೀರು ಸವರಿಕೊಳ್ಳಿ. ಫ್ಯಾನ್ ಆರಿಸಿ, ಬೆಳಗಿನ ಹೊತ್ತು ಕೂತುಕೊಳ್ಳಿ. ಹೊರಗಿನ ವಿಡಿಯೊಗಳಲ್ಲಿ "ಹತ್ತು ನಿಮಿಷ ಕಾಯಿರಿ" ಎಂದು ಹೇಳಿದ್ದು ಅವರ ಊರಿನ ಗಾಳಿಗೆ.

ಇನ್ನು ಮನೆಯ ಮಾಡು. ಹೆಂಚು ಕೆಂಪು ಎಂದು ನಮಗೆ ಗೊತ್ತು. ಆ ಗೊತ್ತಿರುವುದೇ ತೊಂದರೆ. ಹತ್ತಿರ ಹೋಗಿ ನೋಡಿ. ಹೊಸದಾಗಿ ಬದಲಿಸಿದ ಹೆಂಚು ಕಿತ್ತಳೆ ಇರುತ್ತದೆ, ಹಳೆಯದು ಕಂದು. ನೀರಿಳಿಯುವ ಕಡೆ ಪಾಚಿ ಕಟ್ಟಿ ಹೆಚ್ಚುಕಮ್ಮಿ ಕಪ್ಪು. ಒಣ ಹಾಳೆಗೆ ಬರ್ನ್ಟ್ ಸಿಯೆನ್ನಾ ಎಳೆಯಿರಿ. ಅದು ಹಸಿ ಇರುವಾಗಲೇ ಒಂದೆರಡು ಕಡೆ ಓಕರ್, ಕೆಳ ಅಂಚಿಗೆ ಅಲ್ಟ್ರಾಮರೀನ್ ಮುಟ್ಟಿಸಿ. ಬಣ್ಣಗಳು ಹಾಳೆಯ ಮೇಲೇ ಬೆರೆಯಲಿ. ಮಾಡಿನ ನೆತ್ತಿಯಲ್ಲಿ ಒಂದೆರಡು ಚೂರು ಬಿಳಿ ಹಾಳೆ ಹಾಗೇ ಬಿಡಿ. ಒದ್ದೆ ಹೆಂಚಿನ ಹೊಳಪು ಅದು. ಹೆಂಚನ್ನು ಒಂದೊಂದಾಗಿ ಎಣಿಸಿ ಬರೆಯಬೇಡಿ. ಅಂಚಿನಲ್ಲಿ ನಾಲ್ಕು ಹೆಂಚಿನ ಗೆರೆ ತೋರಿಸಿದರೆ ಉಳಿದದ್ದನ್ನು ನೋಡುವವರ ಕಣ್ಣು ಹಾಕಿಕೊಳ್ಳುತ್ತದೆ.

ಮನೆ ಮನೆಯಂತೆ ಕಾಣುವುದು ಮಾಡಿನ ಕೆಳಗಿನ ನೆರಳಿನಿಂದ. ಹೊಸಬರ ಚಿತ್ರ ಸಪ್ಪೆಯಾಗುವುದೂ ಇಲ್ಲೇ. ಕೈ ಹೆದರುತ್ತದೆ, ನೆರಳು ತೆಳುವಾಗುತ್ತದೆ. ಜಲವರ್ಣ ಒಣಗಿದಾಗ ಇನ್ನಷ್ಟು ತಿಳಿಯಾಗುವುದರಿಂದ ಬೇಕೆನಿಸಿದ್ದಕ್ಕಿಂತ ಒಂದು ಮಟ್ಟ ಹೆಚ್ಚು ಗಟ್ಟಿಯಾಗಿ ಕಲಸಿ. ಅದೇ ಹಾಳೆಯ ಚೂರಿನ ಮೇಲೆ ಹಚ್ಚಿ, ಒಣಗಿಸಿ ನೋಡಿ. ಆಮೇಲೆ ಒಂದೇ ಉಸಿರಿಗೆ ಎಳೆಯಿರಿ. ತಿದ್ದಿದಷ್ಟೂ ಅದು ಕೆಸರಾಗುತ್ತದೆ. ಇನ್ನೊಂದು ಮಾತು: ಜಗಲಿಯ ಗೋಡೆಯ ನೆರಳು ಮೇಲಿಂದ ಕೆಳಗೆ ಒಂದೇ ಬಣ್ಣ ಇರುವುದಿಲ್ಲ. ಮಾಡಿನ ಬುಡದಲ್ಲಿ ನೀಲಿ ಛಾಯೆ. ಕೆಳಗೆ ಬಂದ ಹಾಗೆ ಹಳದಿ-ಕೆಂಪಿನ ಬೆಚ್ಚನೆಯ ಛಾಯೆ, ಯಾಕೆಂದರೆ ಬಿಸಿಲು ಬಿದ್ದ ಅಂಗಳದ ಕೆಂಪು ಮಣ್ಣಿನಿಂದ ಬೆಳಕು ಪುಟಿದು ಗೋಡೆಗೆ ಬೀಳುತ್ತಿರುತ್ತದೆ. ಹಸಿ ಇರುವಾಗ ಕೆಳಭಾಗಕ್ಕೆ ಚೂರು ಓಕರ್ ಬಿಟ್ಟರೆ ಆಯಿತು. ಇದನ್ನು ಒಮ್ಮೆ ಕಣ್ಣಾರೆ ಕಂಡ ಮೇಲೆ ಫೋಟೊ ನೋಡಿ ಬರೆಯುವುದು ಬೇಜಾರಾಗುತ್ತದೆ. ಮೊಬೈಲ್ ಕ್ಯಾಮೆರಾ ಆ ನೆರಳನ್ನು ಬರೀ ಕಪ್ಪಾಗಿಸಿಬಿಟ್ಟಿರುತ್ತದೆ.

ಕಿಟಕಿ ಸರಳು, ಬಟ್ಟೆ ಒಣಹಾಕಿದ ಹಗ್ಗ, ಕೋಳಿ ಇವೆಲ್ಲ ಕೊನೆಗೆ. ಇಲ್ಲದಿದ್ದರೂ ನಡೆಯುತ್ತೆ.

ಹಾಳೆಯ ಹಿಂಬದಿ

ಟೇಪ್ ಬಿಚ್ಚಿದ ಮೇಲೆ ಹಾಳೆ ತಿರುಗಿಸಿ ಪೆನ್ಸಿಲ್‌ನಲ್ಲಿ ಬರೆಯಿರಿ: ತಾರೀಕು, ಹಾಳೆ, ಬಳಸಿದ ಬಣ್ಣ, ಹವೆ, ಮತ್ತು ಮುಂದಿನ ಸಲ ಬದಲಿಸಬೇಕಾದ ಒಂದೇ ಒಂದು ಸಂಗತಿ. ಐದಾರು ಬರೆದರೆ ಯಾವುದೂ ಆಗುವುದಿಲ್ಲ. "ನೆರಳು ತೆಳುವಾಯಿತು" ಎಂದಿದ್ದರೆ ಮುಂದಿನ ತುಂಡಿನಲ್ಲಿ ನೆರಳಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ. ಆಕಾಶ ಕೆಟ್ಟರೆ ಕೆಡಲಿ. ಎಂಟೂ ಮುಗಿದ ಮೇಲೆ ಸಾಲಾಗಿ ನೆಲದ ಮೇಲೆ ಹಾಸಿ, ನಿಂತು ನೋಡಿ. ಚೆನ್ನಾಗಿರುವುದು ಕೊನೆಯದೇ ಆಗಿರಬೇಕೆಂದಿಲ್ಲ. ಮೂರನೆಯದಕ್ಕೆ ಇದ್ದ ಬಿಡುಬೀಸು ಏಳನೆಯದರಲ್ಲಿ ಸತ್ತುಹೋಗಿರಬಹುದು. ಹಾಗಾಗಿದ್ದರೆ ಹಿಂಬದಿಯ ಟಿಪ್ಪಣಿ ಕಾರಣ ಹೇಳುತ್ತದೆ.

ಮೇಷ್ಟ್ರಿಲ್ಲದವರಿಗೆ ಮೂಲಚಿತ್ರ ನೋಡುವುದೂ ಪಾಠವೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವಿದೆ. ರವಿವರ್ಮನದೆಂದು ಎಷ್ಟೋ ಜನ ಅಂದುಕೊಂಡಿರುವ ಅದು ಎಸ್.ಎಲ್. ಹಳದಣಕರ್ ಅವರದು. ಅದು ಜಲವರ್ಣ. ಬೆರಳ ಸಂದಿಯಿಂದ ತೂರುವ ಆ ಬೆಳಕನ್ನು ನೀರು ಬಣ್ಣದಲ್ಲಿ ತಂದಿದ್ದು ಹೇಗೆ ಎಂದು ಎದುರು ನಿಂತು ಯೋಚಿಸಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಕಲಾ ಗ್ಯಾಲರಿ ಇದೆ. ಅವರ ಊಟಿಯ ದೃಶ್ಯಗಳಲ್ಲಿ ಮಂಜು ಹೇಗೆ ಅಂಚಿಲ್ಲದೆ ಕರಗುತ್ತದೆ ನೋಡಿ. ಮೂಲಚಿತ್ರವನ್ನು ನೋಡಿ ನಕಲು ಮಾಡಿ ಕಲಿಯುವುದರಲ್ಲಿ ತಪ್ಪಿಲ್ಲ. ಹಂಚಿಕೊಳ್ಳುವಾಗ ಇಂಥವರ ಚಿತ್ರ ನೋಡಿ ಬರೆದದ್ದು ಎಂದು ಹೇಳಿಬಿಡಿ.

ಮೊಬೈಲ್‌ನಲ್ಲಿ ಫೋಟೊ

ಒಳ್ಳೆಯ ಚಿತ್ರವನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು, ಮೂಲೆಯಲ್ಲಿ ಕಾಲ್ಬೆರಳು ಕಾಣುವಂತೆ ಫೋಟೊ ತೆಗೆದು ಕಳಿಸುವವರಿದ್ದಾರೆ. ಬೇಡ. ಬಿಸಿಲು ನೇರ ಬೀಳದ, ಆದರೆ ಬೆಳಕು ಧಾರಾಳವಾಗಿರುವ ಜಾಗ ಹುಡುಕಿ. ಜಗಲಿ ಅಥವಾ ಉತ್ತರದ ಕಿಟಕಿ ಆಗುತ್ತದೆ. ಮನೆಯ ದೀಪ ಆರಿಸಿ, ಇಲ್ಲದಿದ್ದರೆ ಅರ್ಧ ಹಳದಿ ಅರ್ಧ ನೀಲಿ ಬರುತ್ತದೆ. ಫ್ಲ್ಯಾಷ್ ಬೇಡ. ಚಿತ್ರವನ್ನು ಗೋಡೆಗೆ ನೇರ ಅಂಟಿಸಿ, ಮೊಬೈಲ್ ಅದರ ನಟ್ಟನಡುವಿನ ಎತ್ತರಕ್ಕೆ ಹಿಡಿದು, ಕ್ಯಾಮೆರಾದ ಗ್ರಿಡ್ ಗೆರೆಗಳಿಗೆ ಹಾಳೆಯ ಅಂಚು ಕೂಡಿಸಿ. ತೀರಾ ಹತ್ತಿರ ಹೋದರೆ ಅಂಚು ಬಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ.

ತಿದ್ದುವಾಗ ಮೂಲಚಿತ್ರ ಪಕ್ಕದಲ್ಲೇ ಇರಲಿ. ಹಾಳೆಯ ಬಿಳಿ ಅಂಚು ಸ್ಕ್ರೀನಿನಲ್ಲೂ ಬಿಳಿಯಾಗಿ ಕಾಣುವವರೆಗೆ ತಿದ್ದಿದರೆ ಸಾಕು. ಬಣ್ಣ ಏರಿಸುವ ಗುಂಡಿ ಮುಟ್ಟಬೇಡಿ. ಫೋಟೊ ನೋಡಿ ಕೊಂಡವರು ಪಾರ್ಸೆಲ್ ಬಿಚ್ಚಿ "ಇಷ್ಟು ಮಂಕಾ?" ಅನ್ನುವಂತಾಗುತ್ತದೆ. ಕಾರ್ಡು ಅಥವಾ ಪ್ರಿಂಟ್ ಮಾಡಿಸುವ ಆಸೆ ಇದ್ದರೆ ಸ್ಕ್ಯಾನ್ ಮಾಡಿಸುವುದೇ ಸರಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ 2480x3508 ಪಿಕ್ಸೆಲ್ ಸಿಗುತ್ತದೆ, ಅದೇ ಗಾತ್ರದ ಪ್ರಿಂಟಿಗೆ ಅಷ್ಟು ಸಾಕು. ಈ ದೊಡ್ಡ ಕಡತ ನಿಮ್ಮ ಬಳಿಯೇ ಇರಲಿ. ಎಲ್ಲರಿಗೂ ತೋರಿಸಲು 1080 ಪಿಕ್ಸೆಲ್ ಅಗಲದ ಪ್ರತಿ ಸಾಕಾಗುತ್ತದೆ, ಅದನ್ನು ಕದ್ದು ದೊಡ್ಡ ಪೋಸ್ಟರ್ ಮಾಡಲೂ ಆಗದು. ಪ್ರಿಂಟಿಂಗ್ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ.

ತೋರಿಸುವಾಗ ಏನು ಕೇಳಬೇಕು

"ಹೇಗಿದೆ?" ಎಂದು ಕೇಳಿದರೆ "ಸೂಪರ್" ಎಂದೇ ಬರುತ್ತದೆ. ಅತ್ತೆ, ಭಾವ, ಆಫೀಸಿನವರು ಎಲ್ಲರದ್ದೂ ಅದೇ. ಪಾಪ, ಇನ್ನೇನು ಹೇಳಿಯಾರು? ಉತ್ತರ ಕೊಡಲು ಬರುವ ಪ್ರಶ್ನೆ ಕೇಳಿ. "ಮೊದಲು ಕಣ್ಣು ಎಲ್ಲಿಗೆ ಹೋಯ್ತು?" "ಇದು ಬೆಳಗಿನ ಹೊತ್ತಾ, ಸಂಜೆಯಾ?" "ಈ ಎರಡರಲ್ಲಿ ಮಳೆ ಬಂದು ನಿಂತ ಹಾಗೆ ಕಾಣೋದು ಯಾವುದು?" ಚಿತ್ರಕಲೆಯ ಗಂಧಗಾಳಿ ಇಲ್ಲದವರೂ ಇದಕ್ಕೆ ನಿಖರವಾಗಿ ಉತ್ತರಿಸುತ್ತಾರೆ. ನೀವು ಬಾಗಿಲನ್ನು ಮುಖ್ಯ ಮಾಡಿದ್ದೀರಿ, ಮೂವರು ನೋಡಿದ್ದು ಮೂಲೆಯ ಕೆಂಪು ಬಕೆಟ್ ಅಂದರೆ ಬಕೆಟ್ ತೆಗೆಯಬೇಕು. ಮೇಷ್ಟ್ರು ಹೇಳುತ್ತಿದ್ದುದೂ ಅದನ್ನೇ.

ಆನ್‌ಲೈನ್‌ನಲ್ಲಿ ಎಂಟರಲ್ಲಿ ಒಂದನ್ನು ಮಾತ್ರ ಹಾಕುವ ಬದಲು ಮೂರು ಹಾಕಿ: ಪೆನ್ಸಿಲ್ ಚೌಕ, ಮಧ್ಯದ ಒಂದು ಎಡವಟ್ಟು, ಕೊನೆಯದು. ಜನ ಮಾತಾಡುವುದು ಆಗಲೇ. ಅಡಿಬರಹ ನಾಲ್ಕು ಸಾಲು ಸಾಕು. ಊರು, ಹೊತ್ತು, ಹಾಳೆಯ ಗಾತ್ರ, ಬಣ್ಣ. ಕವಿತೆ ಬೇಡ. ಟೀಕೆ ಬಂದರೆ ತಕ್ಷಣ ಸಮರ್ಥನೆಗೆ ಇಳಿಯಬೇಡಿ. ಒಂದು ದಿನ ಬಿಟ್ಟು ಚಿತ್ರ ನೋಡಿ, ಸರಿ ಅನ್ನಿಸಿದರೆ ಹಿಂಬದಿಗೆ ಬರೆದುಕೊಳ್ಳಿ. ಪ್ರತಿದಿನ ಏನಾದರೂ ಹಾಕಲೇಬೇಕು ಎಂಬ ಗೀಳು ಮಾತ್ರ ಹತ್ತಿಸಿಕೊಳ್ಳಬೇಡಿ. ಆಮೇಲೆ ಕೈ ಮೆಚ್ಚುಗೆ ಬಂದದ್ದನ್ನೇ ಬರೆಯತೊಡಗುತ್ತದೆ.

ಹಕ್ಕಿನ ವಿಷಯ ಒಂದಿಷ್ಟು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಅದು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಚಿತ್ರ ಮಾರಿದ ಮಾತ್ರಕ್ಕೆ ಹಕ್ಕು ಮಾರಿದಂತಲ್ಲ, ಕೊಂಡವರು ಅದರ ಕ್ಯಾಲೆಂಡರ್ ಅಚ್ಚು ಹಾಕಿಸುವಂತಿಲ್ಲ. ಆದರೆ ಯಾರಾದರೂ ದುಡ್ಡು ಕೊಟ್ಟು "ನಮ್ಮ ಮನೆಯ ಚಿತ್ರ ಬರೆದುಕೊಡಿ" ಎಂದು ಬರೆಸಿಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಹಕ್ಕು ಬರೆಸಿದವರಿಗೆ ಹೋಗುತ್ತದೆ. ಹಾಗಾಗಿ ಅಂಥ ಕೆಲಸ ಒಪ್ಪಿಕೊಳ್ಳುವಾಗ ಹಕ್ಕು ಯಾರದ್ದು ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಇನ್ನೊಬ್ಬರು ತೆಗೆದ ಫೋಟೊ ನೋಡಿ ಬರೆದು ಮಾರುವುದಕ್ಕೂ ಅವರನ್ನು ಕೇಳಬೇಕು.

ಸಂತೆ ಮತ್ತು ಪಾರ್ಸೆಲ್

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಪದವಿ ಇಲ್ಲದವರೂ ಅಲ್ಲಿ ಕೂರುತ್ತಾರೆ. ಆದರೆ ಮೊದಲೇ ಅರ್ಜಿ ಹಾಕಿರಬೇಕು. ಮೊದಲ ವರ್ಷ ಬರೀ ನೋಡಲು ಹೋಗಿ. ಜನ ಎಲ್ಲಿ ನಿಲ್ಲುತ್ತಾರೆ, ಯಾವ ಗಾತ್ರ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾರೆ ಎಂದು ಗಮನಿಸಿ. ಬಸ್ಸು, ಮೆಟ್ರೊದಲ್ಲಿ ಬಂದವರು ಮೂರಡಿ ಫ್ರೇಮ್ ಒಯ್ಯಲಾರರು. ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು) ಹಾಕಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಸಣ್ಣ ಜಲವರ್ಣ, ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟ್ ಬೇಗ ಹೋಗುತ್ತವೆ. ಗಾಳಿಗೆ ಬಟ್ಟೆ ಕ್ಲಿಪ್ಪು, ಬಿಸಿಲಿಗೆ ಕೊಡೆ ಅಥವಾ ಬಟ್ಟೆ, ಹಣಕ್ಕೆ ಕ್ಯೂಆರ್ ಕೋಡ್ ಅಚ್ಚು ಹಾಕಿದ ರಟ್ಟು, ಮತ್ತು ಚಿಲ್ಲರೆ. ನೆಟ್‌ವರ್ಕ್ ಕೈಕೊಟ್ಟಾಗ ಚಿಲ್ಲರೆಯೇ ಗತಿ.

ಬೆಲೆಗೆ ಸುಲಭದ ದಾರಿ ಚದರ ಇಂಚಿನ ಲೆಕ್ಕ. ಒಂದು ಚದರ ಇಂಚಿಗೆ ಇಷ್ಟು ಎಂದು ಇಟ್ಟುಕೊಂಡು, ಮೌಂಟು, ಫ್ರೇಮಿನ ಖರ್ಚು ಬೇರೆ ಸೇರಿಸಿ. 7.5x11 ಅಂದರೆ 82.5 ಚದರ ಇಂಚು. ಇದರಿಂದ ಒಂದೇ ಗಾತ್ರದ ಎರಡು ಚಿತ್ರಕ್ಕೆ ಎರಡು ಬೆಲೆ ಯಾಕೆ ಎಂಬ ಜಗಳ ತಪ್ಪುತ್ತದೆ. ನೆಂಟರಿಗೆ ಕಡಿಮೆ ಮಾಡುವುದಾದರೆ ಸುಮ್ನೆ ಉಡುಗೊರೆ ಕೊಟ್ಟುಬಿಡಿ. ಅರ್ಧ ಬೆಲೆಗೆ ಕೊಟ್ಟರೆ ಊರೆಲ್ಲ ಅದೇ ಬೆಲೆ ಎಂದು ಸುದ್ದಿಯಾಗುತ್ತದೆ.

ಕಳಿಸುವಾಗ ಚಿತ್ರದ ಮೇಲೆ ಬಟರ್ ಪೇಪರ್, ಅದರ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಕವರ್, ಎರಡೂ ಬದಿಗೆ ಚಿತ್ರಕ್ಕಿಂತ ಒಂದಿಂಚು ದೊಡ್ಡದಾದ ಗಟ್ಟಿ ರಟ್ಟು. ರಟ್ಟಿನೊಳಗಿನ ಸುಕ್ಕಿನ ಗೆರೆ ಒಂದರದ್ದು ಉದ್ದ, ಇನ್ನೊಂದರದ್ದು ಅಡ್ಡ ಬರುವಂತೆ ಇಟ್ಟರೆ ಮಡಚಿಕೊಳ್ಳುವುದಿಲ್ಲ. ಚಿತ್ರ ಒಳಗೆ ಜಾರದಂತೆ ಕವರಿನ ಮೂಲೆಗಳಿಗೆ ಟೇಪ್ ಹಾಕಿ. ಚಿತ್ರಕ್ಕೇ ಅಂಟು ತಾಗಬಾರದು. ಮನೆಯಲ್ಲಿ ಉಳಿದವನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಹಳದಿ ಚುಕ್ಕೆ ಬೀಳುತ್ತವೆ. ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ: ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಮೌಂಟ್ ಇರಲಿ, ರಟ್ಟಿಗೆ ಫೆವಿಕಾಲ್‌ನಲ್ಲಿ ಅಂಟಿಸಲು ಬಿಡಬೇಡಿ. ಫ್ರೇಮ್ ಅಂಗಡಿಯವರು ಹೇಳದಿದ್ದರೆ ಅಂಟಿಸಿಯೇ ಕೊಡುತ್ತಾರೆ.